ನಮ್ಮ ತಾರಸಿಗೆ ಸೋಲಾರ್ ಬಂದ ಮೇಲೆ

ಉಲ್ಲಾಳದ ನಮ್ಮ ಅಪಾರ್ಟ್‌ಮೆಂಟಿನವರೆಲ್ಲ ಸೇರಿ ತಾರಸಿ ಮೇಲೆ ಸೋಲಾರ್ ಹಾಕಿಸಿದೆವು. ಎಲ್ಲರನ್ನೂ ಒಪ್ಪಿಸಿದ್ದು ಸೆಕ್ರೆಟರಿಯಾದ ನಾನು. ಅಂದಿನಿಂದ ಮೋಡ ಕಂಡರೂ ಎದೆ ಧಸಕ್ಕೆನ್ನುತ್ತದೆ, ಫೋನ್ ರಿಂಗಾದರೂ ಧಸಕ್ಕೆನ್ನುತ್ತದೆ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಶುರುವಾಗಿರುತ್ತದೆ.

ಬಿಸಿಲಿನ ಪಾಲು

ಒಂದು ದಿನ ಸುಡುಬಿಸಿಲು. ಆದರೂ ಮೊಬೈಲಿನಲ್ಲಿ ನೋಡಿದರೆ ಕರೆಂಟ್ ಉತ್ಪಾದನೆ ಇಳಿದಿದೆ. ಪ್ಯಾನೆಲ್ ಕೆಟ್ಟಿತೇ, ಜನಕ್ಕೆ ಏನು ಹೇಳಲಿ ಅಂತ ಒಂದೇ ಉಸಿರಿಗೆ ಮೇಲೆ ಓಡಿದೆ. ಮೂಲೆಯ ಎರಡು ಪ್ಯಾನೆಲ್‌ಗಳ ಮೇಲೆ ಬಿಳಿ ಪಂಚೆ, ಪಂಚೆ ತುಂಬ ಸಂಡಿಗೆ. ಎರಡನೇ ಮಹಡಿ ಅಜ್ಜಿ ನೆರಳಲ್ಲಿ ಕಾಗೆ ಓಡಿಸುತ್ತಾ ಕೂತಿದ್ದರು.

“ಅಜ್ಜೀ, ಇದು ಕರೆಂಟ್ ಮಾಡೋ ಗಾಜು!”

“ಗೊತ್ತು ಕಣಮ್ಮಾ. ನಮ್ಮನೆ ಪಾಲಿನ ಬಿಸಿಲನ್ನ ನಾನು ಸಂಡಿಗೆಗೆ ತಗೊಂಡಿದೀನಿ. ಉಳಿದೋರದ್ದು ನಾನ್ಯಾಕೆ ಮುಟ್ಲಿ?”

ತಾನೇ ನಿಲ್ಲುವ ಫ್ಯಾನ್

ಕರೆಂಟ್ ಉಳಿಸೋಣ ಅಂತ ಎಲ್ಲ ಮನೆಗೂ ಒಂದೇ ಕಂಪನಿಯ ರಿಮೋಟ್ ಫ್ಯಾನ್ ತರಿಸಿದೆ. ಮಧ್ಯಾಹ್ನ ನಮ್ಮ ಹಾಲಿನ ಫ್ಯಾನ್ ತಾನೇ ನಿಂತಿತು. ಹಾಕಿದೆ, ಮತ್ತೆ ನಿಂತಿತು. ಅತ್ತೆ ಊದುಬತ್ತಿ ಹಚ್ಚಿದರು. ಎಲ್ಲರೂ ಫ್ಯಾನ್ ಬಿಚ್ಚಿ ತಂದು ನನ್ನ ಬಾಗಿಲಿಗೆ ಸುರಿಯುವುದು ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಎದುರು ಮನೆಯ ಕಿಟಕಿಯಿಂದ, ಅಲ್ಲಿರುವ ಗದಗ ಕಡೆಯ ನರ್ಸ್ ಕೂಗಿದರು:

“ಮೇಡಂ, ನಮ್ಮ ಫ್ಯಾನಿಗೆ ದೆವ್ವ ಹೊಕ್ಕೈತ್ರಿ! ನಾ ಬಂದ್ ಮಾಡಿದ್ರ ತಾನ ಚಾಲೂ ಆಗಾಕತ್ತೈತಿ!”

ಅವರ ರಿಮೋಟ್ ನನ್ನ ಫ್ಯಾನಿಗೂ, ನನ್ನದು ಅವರದಕ್ಕೂ ಕಿಟಕಿಯಾಚೆಯಿಂದಲೇ ಕೆಲಸ ಮಾಡುತ್ತಿತ್ತು. ಈಗ ಫ್ಯಾನ್ ಹಾಕುವ ಮುಂಚೆ ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುತ್ತೇವೆ: “ನಿಮಗೂ ಸೆಕೆ ಆಗ್ತಿದೆಯಾ?”

ಲಿಫ್ಟಿನೊಳಗಿನ ಅಧ್ಯಕ್ಷರು

ಪಕ್ಕದ ಬಿಲ್ಡಿಂಗಿನ ಅಧ್ಯಕ್ಷರು ತಾವೂ ಸೋಲಾರ್ ಹಾಕಿಸಬೇಕೋ ಬೇಡವೋ ಅಂತ ನೋಡಲು ಬಂದರು. ಯಾವುದನ್ನೂ ಸುಲಭಕ್ಕೆ ಒಪ್ಪದ ಮನುಷ್ಯ. ಅವರನ್ನು ಲಿಫ್ಟ್ ಹತ್ತಿಸಿ, ತಾರಸಿ ಬೀಗ ತೆಗೆಯಲು ನಾನು ಮೆಟ್ಟಿಲಲ್ಲಿ ಓಡಿದೆ. ಅರ್ಧದಲ್ಲಿ ಕರೆಂಟ್ ಹೋಯಿತು. ಜನರೇಟರ್ ರಿಪೇರಿಗೆ ಹೋಗಿತ್ತು.

ಲಿಫ್ಟಿನೊಳಗಿಂದ ಕೂಗು: “ಮೇಡಂ, ಸೋಲಾರ್ ಆನ್ ಮಾಡ್ರೀ!”

“ಸಾರ್, ಲೈನಲ್ಲಿ ಕರೆಂಟ್ ಹೋದ್ರೆ ಇದೂ ಆಫ್ ಆಗುತ್ತೆ. ಕಂಬ ಹತ್ತಿ ರಿಪೇರಿ ಮಾಡೋರಿಗೆ ಶಾಕ್ ಹೊಡೀಬಾರ್ದಲ್ಲ...”

ಒಳಗಿಂದ ಮತ್ತೆ ದನಿ ಬಂತು: “ಅಂದ್ರೆ ಕರೆಂಟ್ ಇದ್ರೆ ಮಾತ್ರ ಕರೆಂಟ್ ಕೊಡುತ್ತೆ ಅನ್ನಿ.”

“ಹೌದು ಸಾರ್. ಬಿಲ್ ಕಮ್ಮಿ ಬರುತ್ತೆ ಸಾರ್.”

ಸೆಕ್ಯುರಿಟಿಯವರು ಬಾಗಿಲು ತೆಗೆದಾಗ ಅವರ ಅಂಗಿ ಬೆವರಲ್ಲಿ ತೊಯ್ದಿತ್ತು. ನಾನು ಓಡಿ ನೀರು ತಂದುಕೊಟ್ಟೆ. ಅವರು ನೀರು ಕುಡಿದು, ಮೆಟ್ಟಿಲು ಹತ್ತಿ, ಪ್ಯಾನೆಲ್‌ಗಳನ್ನು ಒಂದು ಸುತ್ತು ನೋಡಿ ಹೇಳಿದರು:

“ನಾವೂ ಹಾಕಿಸ್ತೀವಿ ಮೇಡಂ. ಸದ್ಯ, ನಮ್ಮ ಬಿಲ್ಡಿಂಗಲ್ಲಿ ಲಿಫ್ಟ್ ಇಲ್ಲ.”