ಮೇಷ್ಟ್ರ ಹಲ್ಲು, ಕ್ಲಾರಿನೆಟ್ಟಿನ ಸ್ವರ

ಬ್ಯಾಂಡ್ ಸೆಟ್ಟಿನಾಗೆ ಇರೋರು ನಗೋ ಪ್ರಸಂಗ ಹುಡುಕ್ಕಂಡು ಹೋಗಬೇಕಾಗಿಲ್ಲ, ಮೆರವಣಿಗೆ ಜತೆ ಅವೇ ಬರ್ತವೆ. ಹಿರಿಯೂರಿನ ನಮ್ಮ ಸೆಟ್ಟಿನಾಗೆ ಹೆಚ್ಚಾಗಿ ನಮ್ಮ ಮೇಷ್ಟ್ರ ಮೇಲೇ ಬಂದು ಬೀಳ್ತಿದ್ವು. ನನಗೆ ಕ್ಲಾರಿನೆಟ್ ಕಲಿಸಿದೋರು ಅವರು. ವಯಸ್ಸಾಗಿ ಹಲ್ಲು ಅಲ್ಲಾಡ್ತಿದ್ರೂ, "ಊದೋದು ಬಿಟ್ಟ ದಿನ ಸತ್ತೋಗ್ತೀನಿ ಕಣೋ" ಅಂತಿದ್ರು. ನಮಗೂ ಅದೇ ಭಯ.

೧. ಚಳಿ

ಚಳಿಗೆ ಕ್ಲಾರಿನೆಟ್ಟಿನ ಸ್ವರ ಇಳೀತದೆ. ಹೊಳಲ್ಕೆರೆಯಾಗೆ ಬೆಳಗಿನ ಮುಹೂರ್ತ. ಮೇಷ್ಟ್ರು ವಾದ್ಯ ಬೆಚ್ಚಗಾಗ್ಲಿ ಅಂತ ಕೋಟಿನೊಳಗೆ ಬಗಲಿಗಿಟ್ಕಂಡು ಕುಂತಿದ್ರು.

ಗಂಡಿನ ಅಪ್ಪ ಬಂದು, "ಏನ್ರಿ, ಜ್ವರ ನೋಡ್ಕಂತಿದೀರಾ?" ಅಂದ.

"ನನಗಲ್ಲ ಸ್ವಾಮಿ, ಇದಕ್ಕೆ ಚಳಿ."

"ಹಂಗಾರೆ ಅದಕ್ಕೂ ಒಂದು ಲೋಟ ಕಾಫಿ ಕೊಡ್ರೋ!"

೨. ಕೆಮ್ಮು

ಹೊಸದುರ್ಗದ ಮದುವೆಯಾಗೆ ಒಂದು ಕೀ ಕೆಳಗಿನ, ತೂತು ಮುಚ್ಚೋ ಮೆತ್ತನೆ ಪ್ಯಾಡು ಉದುರಿಹೋತು. ಮೇಷ್ಟ್ರು ಹವಾಯಿ ಚಪ್ಪಲಿ ಕೊಯ್ದು ಅಂಟಿಸಿದ್ರು. ದಪ್ಪ ಆಗಿ ಕೀ ಪೂರ್ತಿ ಏಳಲೊಲ್ಲದು, ತೂತು ಅರ್ಧವೇ ತೆರೀತದೆ, ಆ ಒಂದು ಸ್ವರ ಮಾತ್ರ ಮಂಕಾಗಿ ಇಳೀತದೆ. ಹಾಡಿನಾಗೆ ಅದು ಬಂದಾಗೆಲ್ಲ ಮೇಷ್ಟ್ರು ಊದೋದು ಬಿಟ್ಟು ಕೆಮ್ಮಿದ್ರು. ಹೆಣ್ಣಿನ ಅಜ್ಜಿ ಪಾಪ ಅಂತ ಮೂರು ಸಲ ಕಷಾಯ ತಂದ್ಲು. ಮೂರು ಸಲವೂ ಕುಡಿದ್ರು!

೩. ಗಿಡ್ಡ

ಕೆಳಗಿನ ಹಲ್ಲು ಹೋಗ್ತಾ ಬಂದಂಗೆ ತುಟಿಗೆ ಆಸರೆ ಇಲ್ಲ, ಸ್ವರ ಇಳೀತಾ ಬಂತು. ಕೊಳವೆ ಗಿಡ್ಡ ಆದ್ರೆ ಸ್ವರ ಏರ್ತದೆ. ಅದಕ್ಕೇ ಒಂದೊಂದು ಹಲ್ಲು ಬಿದ್ದಾಗ್ಲೂ ಬಬ್ಬೂರಿನ ಬಡಗಿ ಹತ್ರ ಹೋಗಿ, ಬಾಯಿ ಹತ್ರದ ತುಂಡನ್ನ ಚೂರು ಉಜ್ಜಿಸ್ಕಂಡು ಬರೋರು.

ಬಡಗಿ ಒಂದಿನ, "ಮೇಷ್ಟ್ರೇ, ಇನ್ನೆರಡು ಹಲ್ಲು ಬಿದ್ರೆ ಇದು ಪೀಪಿ ಆಗ್ತೈತೆ ನೋಡ್ರಿ" ಅಂದ. ಅಲ್ಲಿ ನಕ್ಕ ಮೇಷ್ಟ್ರು ವಾಪಸ್ ಬರೋವಾಗ ಬಸ್ಸಿನಾಗೆ ನನ್ನ ಪಕ್ಕ ಕುಂತು, ನಾಲಿಗೇಲಿ ಉಳಿದ ಹಲ್ಲು ಎಣಿಸ್ತಿದ್ರು.

೪. ಅಳು

ಹೋದ ವರ್ಷ ಮೇಷ್ಟ್ರು ತೀರ್ಕಂಡ್ರು. ಕೊನೇ ವಾರದವರೆಗೂ ಊದಿದ್ರು, ಅಷ್ಟೇ ಸಮಾಧಾನ. ಹೆಣ ಎತ್ತೋವಾಗ ಅವರ ಹೆಂಡ್ತಿ, ನಾವೆಲ್ಲ ಅಮ್ಮ ಅಂತಿದ್ವಿ, "ಅವರದ್ದನ್ನೇ ಊದಪ್ಪ" ಅಂತ ಆ ಕ್ಲಾರಿನೆಟ್ ನನ್ನ ಕೈಗಿಟ್ರು.

ನನ್ನ ಮೂವತ್ತೆರಡು ಹಲ್ಲೂ ಗಟ್ಟಿ. ಊದಿದ್ರೆ ಸ್ವರ ಬ್ಯಾಂಡಿಗಿಂತ ಮೇಲೆ ಹೋತು. ಟ್ರಂಪೆಟ್ಟಿನೋನು ದುರುಗುಟ್ಟಿ ನೋಡಿದ.

ಅಮ್ಮ ಅಳು ನಿಲ್ಲಿಸಿ ತಲೆ ಎತ್ತಿ, "ಲೇ, ಅದನ್ನ ಹಲ್ಲಿಟ್ಕಂಡು ಊದ್ತಾರೇನೋ?" ಅಂದ್ರು.

ಹೆಣದ ಮುಂದೆ ಎಲ್ಲರೂ ನಕ್ಕುಬಿಟ್ವಿ. ನಗ್ತಾ ನಗ್ತಾ ನನಗೆ ಅಳು ಉಕ್ಕಿ ಬಂತು, ತುಟಿ ಹಿಡಿತಕ್ಕೇ ಸಿಗಲಿಲ್ಲ. ಸಡಿಲ ತುಟೀಲೇ ಊದಿದೆ. ಸ್ವರ ಇಳಿದು ಬ್ಯಾಂಡಿಗೆ ಕೂಡ್ತು.

"ಹೂಂ, ಈಗ ಸರಿ" ಅಂದು ಅಮ್ಮ ಮತ್ತೆ ಅಳಾಕೆ ಹತ್ತಿದ್ರು.