ಅವ್ವನ ಗದ್ದದ ಹಚ್ಚೆ ಅಳಿಸಿದವರು

ಸಿಟ್ಟನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ತಿರುಗುವವನು ನಾನು. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಬೈಯಲು ಶಾಲೆಯ ಹುಡುಗರಿಲ್ಲದೆ ಅದು ಇನ್ನಷ್ಟು ಬೆಳೆದಿದೆ. ಕರೆಂಟು ಹೋದರೆ ಸಿಟ್ಟು. ಬಂದರೆ, ಇಷ್ಟೊತ್ತು ಎಲ್ಲಿ ಹಾಳಾಗಿ ಹೋಗಿತ್ತೆಂದು ಸಿಟ್ಟು. ಆದರೆ ಮೊನ್ನೆ ಬಂದದ್ದು ನ್ಯಾಯವಾದ ಸಿಟ್ಟು, ಹಾಗೆಂದೇ ಧೈರ್ಯವಾಗಿ ಹೇಳಿಕೊಳ್ಳುತ್ತಿದ್ದೇನೆ.

ಎಂಬತ್ತು ದಾಟಿದ ನಮ್ಮವ್ವನಿಗೆ, ತಾನು ಹೋದ ಮೇಲೆ ಗೋಡೆಗೆ ಹಾಕಲು ಒಂದು ಒಳ್ಳೆಯ ಫೋಟೋ ಈಗಲೇ ಆಗಬೇಕಿತ್ತು. "ನೀವು ಆಧಾರ್ ಕಾರ್ಡಿನ ಫೋಟೋನ ದೊಡ್ಡದು ಮಾಡಸವರು" ಎಂಬ ಅವಳ ಗುಮಾನಿ ಸುಳ್ಳೇನಲ್ಲ. ತಿಳವಳ್ಳಿಯಿಂದ ಬಸ್ಸಿನಲ್ಲಿ ಅಕ್ಕಿಆಲೂರಿಗೆ ಕರೆದೊಯ್ದು, ಹಳೆಯ ಪರಿಚಯದ ಸ್ಟುಡಿಯೋದಲ್ಲಿ ತೆಗೆಸಿದೆ. ವಾರದ ನಂತರ ಕಟ್ಟು ಹಾಕಿಸಿ ತಂದುಕೊಟ್ಟರೆ ಅವ್ವ ಕೇಳಿದಳು, "ಯಾರಪಾ ಈಕಿ?"

ಹಣೆಯ ಹಸಿರು ಗೆರೆಯೂ ಇಲ್ಲ, ಗದ್ದದ ಮೂರು ಚುಕ್ಕೆಯೂ ಇಲ್ಲ! ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಹಚ್ಚೆಯನ್ನೆಲ್ಲ ತೊಳೆದುಬಿಟ್ಟಿದ್ದ.

"ಸತ್ತಾಗ ಬಂಗಾರ ಬಿಚ್ಕೊಂಡ ಕಳಸ್ತೀರಿ. ಕೂಡ ಬರೂದು ಹಚ್ಚಿ ಒಂದ. ಅದೂ ಇಲ್ಲಂದ್ರ ಮ್ಯಾಲೆ ನಿಮ್ಮಪ್ಪ ನನ್ನ ಗುರುತು ಹ್ಯಾಂಗ ಹಿಡೀಬೇಕೋ?" ಎಂದು ಅವ್ವ ಅತ್ತೇಬಿಟ್ಟಳು.

ನನಗೆ ಮೈಯೆಲ್ಲ ಉರಿಯಿತು. ಮುಂದಿನ ಬಸ್ಸನ್ನೇ ಹತ್ತಿದೆ. ಸ್ಟುಡಿಯೋ ಬಾಗಿಲಲ್ಲಿ, ತೋಳಿನ ಮೇಲೆ ಹುಲಿ ಬರೆಸಿಕೊಂಡ ತರುಣನೊಬ್ಬನ ದೊಡ್ಡ ಫೋಟೋ. ಹುಲಿಯ ಮೀಸೆ ಎಣಿಸಬಹುದು. "ಹುಲಿಗಿದ್ದ ಕಿಮ್ಮತ್ತು ನಮ್ಮವ್ವನ ಹಚ್ಚಿಗಿಲ್ಲೇನ? ಯಾವ ಶಾಣ್ಯಾ ಹೇಳಿದ್ನೋ ನಿನಗ ಅಳಸಂತ?" ಎಂದು ಬಜಾರೆಲ್ಲ ಕೇಳುವಂತೆ ಕೂಗಾಡಿದೆ.

ಅವನು ಪಾಪ, ಕುರ್ಚಿ ಸರಿಸಿದ. "ಕುಂದರ್ರಿ ಸರ್. ನೀವ ಹೇಳಿದ್ರಲ್ರೀ. ಮಗಳ ಮದುವಿ ಆಲ್ಬಮ್ ಮಾಡೂ ಮುಂದ, ಬೀಗರು ಹುಬ್ಬಳ್ಳಿಯವರು, ನಮ್ಮವ್ವನ ಹಚ್ಚಿ ಕಾಣಬಾರದು ಅಂದಿದ್ರಿ. ಕಲಿತ ಮಾಸ್ತರ ಹೇಳ್ಯಾರಂದ್ರ ಅದ ಚಲೋ ಇರಬೇಕಂತ, ಅವತ್ತಿನಿಂದ ಎಲ್ಲಾ ಮುದುಕ್ಯಾರ್ದೂ ಅಳಸಾಕತ್ತೇನ್ರಿ."

ಆ ಆಲ್ಬಮ್ಮು ನೇರ ಬೀಗರ ಮನೆಗೆ ಹೋಗಿತ್ತು. ಅವ್ವ ಅದನ್ನು ನೋಡಿರಲಿಲ್ಲ, ನಾನು ಮರೆತಿದ್ದೆ. ಈ ಸುತ್ತಿನ ಊರುಗಳ ಎಷ್ಟು ಗೋಡೆಗಳ ಮೇಲೆ, ನನ್ನ ದೆಸೆಯಿಂದ, ಗಂಡಂದಿರಿಗೆ ಗುರುತು ಸಿಗದ ಅವ್ವಂದಿರು ಕೂತಿದ್ದಾರೋ! ಸಿಟ್ಟು ಇನ್ನೂ ಇತ್ತು, ಆದರೆ ಯಾರನ್ನು ಬೈಯಬೇಕೆಂದು ತಿಳಿಯದೆ ಕುರ್ಚಿಯಲ್ಲಿ ಕೂತೆ.

ಹಚ್ಚೆಯಿರುವ ಫೋಟೋಗೆ ಕಟ್ಟು ಹಾಕಿಸಿಕೊಂಡು ಮನೆಗೆ ಬಂದೆ. ಅವ್ವ ಗದ್ದದ ಚುಕ್ಕೆಗಳನ್ನು ಬೆರಳಿಟ್ಟು ಎಣಿಸಿ ಸಮಾಧಾನಪಟ್ಟಳು.

"ಚಲೋ ಬೈದಿಲ್ಲೋ ಅವಂಗ? ನಿನಗ ತಾಯಿ ಇಲ್ಲೇನಂತ ಕೇಳಿದಿಲ್ಲೋ?"

"ಕೇಳೇನವ್ವ."

"ಏನಂದ?"

"ಅದಾಳಂತ. ಅಳಸೂ ಮುಂದ ನೆನಪಾಗಲಿಲ್ಲಂತ" ಎಂದು ಹೇಳಿ, ಫೋಟೋ ಟ್ರಂಕಿನಲ್ಲಿಡುವ ನೆಪದಲ್ಲಿ ಒಳಗೆ ಹೋದೆ.