ಅತ್ತಿ ಬಿಟ್ಟ ಚಾ

ಕೂಸಿನ ದಾರಿ ನೋಡವ್ರ ಮನ್ಯಾಗ ನಗಿ ಬರೂವಂಥದ್ದು ಏನಾರ ಒಂದ್ ನಡದ ಇರ್ತದ. ನಮ್ಮನ್ಯಾಗ ಏಳು ವರ್ಷ ನಡೀತು. ಕೂಸು ಬೇಕಾಗಿದ್ದು ನಮ್ಮಿಬ್ರಿಗೆ, ತಯಾರಿ ಮಾತ್ರ ಸುರಪುರದ ನಮ್ಮ ಓಣಿ ತುಂಬ.

ಹರಕಿ

ನಮ್ಮತ್ತಿಗೆ ಚಾ ಅಂದ್ರ ಜೀವ. ದಿನಕ್ಕ ಆರೇಳು ಸಲ ಬೇಕು. ಕಪ್ಪಿನಿಂದ ಬಸ್ಯಾಗ ಸುರುವಿಕೊಂಡು, ಊದಿ ಊದಿ, ಸೊರ್ ಅಂತ ಎಳದ್ರ ಮೂರು ಮನಿಗೆ ಕೇಳ್ತಿತ್ತು. ನನ್ನ ಮದುವ್ಯಾಗಿ ಮೂರು ವರ್ಷಕ್ಕ ಒಂದಿನ ಕೊಡೇಕಲ್ಲಿನ ಗುಡಿಗೆ ಹೋಗಿ ಬಂದವ್ರು, ನಾ ಕೊಟ್ಟ ಚಾ ಕೈಲೆ ಸರಿಸಿಬಿಟ್ರು.

"ಸೊಸಿ ಬಸುರಾಗೋತನ ಚಾ ಮುಟ್ಟಂಗಿಲ್ಲಂತ ಬೇಡ್ಕೊಂಡೀನಿ."

"ಅತ್ತಿ, ಬದನಿಕಾಯಿ ಬಿಟ್ಟಿದ್ರ ಆಗ್ತಿದ್ದಿಲ್ಲೇನ್ರಿ?"

"ಬದನಿಕಾಯಿ ನಾ ಮೊದಲ ತಿನ್ನಂಗಿಲ್ಲ. ದೇವ್ರಿಗೆ ಅಷ್ಟೂ ತಿಳಿಯಂಗಿಲ್ಲೇನ?"

ಸುದ್ದಿ ಓಣಿಗೆಲ್ಲ ಮುಟ್ಟಿತು. ಎರಡ ದಿನ ಅತ್ತಿ ತಲಿ ಹಿಡಕೊಂಡು ಕುಂತ್ರು. ಮೂರನೇ ದಿನದಿಂದ ಕಂಡಕಂಡವ್ರ ಮ್ಯಾಲ ಸಿಟ್ಟು. ವಾರದಾಗ ನಮ್ಮ ಮಾವ ಮಗನ್ನ ಹೊರಗ ಕಟ್ಟಿಗೆ ಕರದು, "ನನಗ ಮೊಮ್ಮಕ್ಕಳ ಅವಸರ ಇಲ್ಲಪ್ಪ. ಆದ್ರ ನಿಮ್ಮವ್ವಗ ಜಲ್ದಿ ಚಾ ಕುಡಿಸಬೇಕಾಗ್ಯಾದ" ಅಂದ್ರಂತ.

ಭಜಿ

ನಾ ದೇವಾಪುರದ ಸಾಲ್ಯಾಗ ಟೀಚರು. ಒಮ್ಮೆ ಯಾದಗಿರಿಗೆ ಟ್ರೇನಿಂಗಿಗೆ ಹೋಗಿ ತಿರುಗಿ ಬರಬೇಕಾದ್ರ, ಶಹಾಪುರ ಬಸ್‌ ಸ್ಟ್ಯಾಂಡಿನ್ಯಾಗ ಇಳದು ಬಿಸಿಬಿಸಿ ಮಿರ್ಚಿ ಭಜಿ ತಿಂದೆ. ಊರು ಇನ್ನೂ ದೂರಿದ್ದಾಗ ಕಿಡಕ್ಯಾಗ ಕುತ್ತಿಗಿ ಹಾಕಿ ಕಾರಿಕೊಂಡೆ.

ಬಾಜೂಕಿದ್ದ ಅಜ್ಜಿ ಬೆನ್ನ ಸವರಿ, "ಎಷ್ಟ್ ತಿಂಗಳವ್ವ?" ಅಂದ್ಲು. ನಾ ಬಾಯಿ ಒರಿಸ್ಕೊಳ್ಳೋದ್ರಾಗ ಕಂಡಕ್ಟರ್ ಬಂದು ನನ್ನ ಮುಂದಿನ ಸೀಟಿಗೆ ಕುಂದ್ರಿಸಿದ. ಯಾರೋ ನಿಂಬಿಹಣ್ಣ ಕೊಟ್ರು. ಆ ಅಜ್ಜಿ ಮುಂದ ಬಂದು ತನ್ನ ಚೀಲದಾನ ಪ್ಯಾರಲಹಣ್ಣ ನನ್ನ ಉಡಿಗೆ ಹಾಕಿ ಹಣಿ ಮುಟ್ಟಿದ್ಲು. ಡ್ರೈವರ್ ಎಷ್ಟ ಸಾವಕಾಶ ಹೊಡದ ಅಂದ್ರ, ಒಂದು ಎತ್ತಿನ ಬಂಡಿ ನಮ್ಮನ್ನ ದಾಟಿ ಹೋತು.

ಹಿಂದಿನ ಸೀಟಿನ್ಯಾಗ ನಮ್ಮ ಓಣಿ ಹೆಣಮಗಳೊಬ್ಬಾಕಿ ಇದ್ದದ್ದು ನನಗ ಗೊತ್ತಿದ್ದಿಲ್ಲ. ಆಕಿ ಅಲ್ಲಿಂದನ ನಮ್ಮತ್ತಿಗೆ ಫೋನ್ ಹಚ್ಚಿದ್ಲು. ನಾ ಮನಿ ಹೊಸ್ತಿಲ ದಾಟೋದ್ರಾಗ ಅತ್ತಿ ಚಾದ ಬಸಿ ತುಟಿ ತನ ಎತ್ತ್ಯಾರ!

"ಅತ್ತೀ, ನಿಂದರ್ರಿ! ಅದು ಮಿರ್ಚಿ ಭಜಿ!"

ಅತ್ತಿ ನನ್ನ ನೋಡಿದ್ರು, ಚಾ ನೋಡಿದ್ರು.

"ಎಷ್ಟ್ ತಿಂದಿದ್ದಿ?"

"ಆರು."

ಅತ್ತಿ ಹೋಗಿ ಚಾ ಎಮ್ಮಿ ಮುಸುರಿಗೆ ಸುರುವಿ ಬಂದ್ರು. ಮರುದಿನ ಎಮ್ಮಿ ಅರ್ಧ ಸೇರ ಹಾಲು ಹೆಚ್ಚಿಗಿ ಕೊಡ್ತು. ನಮ್ಮ ಓಣ್ಯಾಗ ಆ ಭಜಿಯಿಂದ ಲಾಭ ಆಗಿದ್ದು ಎಮ್ಮಿಗೊಂದಕ್ಕ.

ರಿಪೋರ್ಟು

ಆಮ್ಯಾಲ ಯಾದಗಿರಿ ದವಾಖಾನಿಗೆ ತೋರಸಾಕ ಶುರು ಮಾಡಿದ್ವಿ. ಡಾಕ್ಟರಮ್ಮ, "ಮೊದ್ಲ ನಿಮ್ಮ ಯಜಮಾನ್ರ ಟೆಸ್ಟ್ ಆಗ್ಲಿ" ಅಂದ್ರು. ನಮ್ಮವ್ರು ಹೈಸ್ಕೂಲಿನ ಗಣಿತ ಮಾಸ್ತರು. ಯಾರೂ ಗುರ್ತ ಹಿಡೀಬಾರ್ದಂತ ಉರಿ ಬಿಸಲಾಗ ಮಂಕಿ ಕ್ಯಾಪ್ ಹಾಕ್ಕೊಂಡು ಲ್ಯಾಬಿಗೆ ಬಂದ್ರು. ಯಾದಗಿರಿ ಬ್ಯಾಸಗ್ಯಾಗ ಮಂಕಿ ಕ್ಯಾಪ್ ಹಾಕ್ಕೊಂಡಾವ್ನ ಯಾರ ನೋಡಂಗಿಲ್ಲ? ಪಾಳಿ ಹಚ್ಚಿ ನಿಂತವ್ರೆಲ್ಲ ನೋಡಿದ್ರು.

ಡಬ್ಬಿ ತಗೊಂಡು ಕಿಡಕಿ ಮುಂದ ನಿಂತ್ರ, ಒಳಗಿನ ಲ್ಯಾಬಿನಾಂವ ಎದ್ದು ಕೈ ಮುಗದ.

"ಶರಣ್ರಿ ಸರ್! ಗುರ್ತ ಸಿಗಲಿಲ್ಲೇನ್ರಿ? ಗಣಿತದಾಗ ಎರಡ ಸಲ ಫೇಲ್ ಮಾಡಿದ್ರಲ್ರಿ ನನಗ!"

ನಮ್ಮವ್ರ ಮಾರಿ ಇಳೀತು. ಇಡೀ ಮಧ್ಯಾಹ್ನ ಬೆವರ ಒರಿಸ್ಕೋತ, "ಅಂವ ಸೇಡ ತೀರಿಸ್ಕೋತಾನ ನೋಡು" ಅಂತ ಕುಂತ್ರು. ಸಂಜಿಗೆ ಆ ಪುಣ್ಯಾತ್ಮ ರಿಪೋರ್ಟ್ ಎತ್ತಿ ಹಿಡದು, ಪಾಳಿಗೆಲ್ಲ ಕೇಳೂವಂಗ, "ಸರ್, ಹಿಂದಿಂದು ನಾ ಮನಸಿನ್ಯಾಗ ಇಟ್ಕೊಂಡಿಲ್ರಿ. ನೀವು ಫಸ್ಟ್ ಕ್ಲಾಸ್ ಪಾಸು!" ಅಂದ.

ತಿರುಗಿ ಬರೋ ಬಸ್ಸಿನ್ಯಾಗ ನಮ್ಮವ್ರು ಮಂಕಿ ಕ್ಯಾಪ್ ತಗದು ಚೀಲಕ್ಕ ತುರುಕಿ ಅಂದ್ರು: "ಆ ಹುಡುಗ ಅಷ್ಟೇನ್ ದಡ್ಡಿದ್ದಿಲ್ಲ ಬಿಡು."

ಚಾ

ನಕ್ಕೀವಿ ಖರೆ, ಅತ್ತದ್ದೂ ಸುಳ್ಳಲ್ಲ. ತಿಂಗಳಾ ತಿಂಗಳಾ ನಾ ಬಚ್ಚಲದಾಗ ನಳ ಬಿಟ್ಟು ಅಳ್ತಿದ್ದೆ. ಅತ್ತಿ ಒಂದಿನಾನೂ ಯಾಕಂತ ಕೇಳಲಿಲ್ಲ. ನಾ ಹೊರಗ ಬರೋದ್ರಾಗ, ಚಾದ ವಾಸನಿ ಬಡೀಬಾರ್ದಂತ ಮೂಗಿಗೆ ಸೆರಗ ಹಿಡಕೊಂಡು, ನನಗೊಂದು ಕಪ್ ಚಾ ಮಾಡಿ ಇಟ್ಟಿರ್ತಿದ್ರು. ಆ ಚಾ ಕುಡೀಬೇಕಾದ್ರ ನನಗ ಇನ್ನಷ್ಟು ಅಳು ಬರ್ತಿತ್ತು.

ಹೋದ ಶ್ರಾವಣದಾಗ ಡಾಕ್ಟರಮ್ಮ ನನ್ನ ಕೈ ಹಿಡದು, "ಆಗ್ಯಾದವ್ವ" ಅಂದ್ರು. ನಮ್ಮ ಕಡೆ ಮೂರು ತಿಂಗಳಾಗೋತನ ಯಾರಿಗೂ ಹೇಳಂಗಿಲ್ಲ. ಅತ್ತಿ ಮಾವಗ ಇಬ್ಬರಿಗೇ ಹೇಳಿದ್ವಿ. ಅತ್ತಿ ನನ್ನ ತಬ್ಬಿಕೊಂಡು ಅತ್ತು, ಆಣಿ ಇಟ್ರು: "ನನ್ನ ಬಾಯಿಂದ ಒಂದ್ ಮಾತ ಹೊರಗ ಬಿದ್ರ ಕೇಳು!"

ಮರುದಿನ ಮುಂಜಾನಿ ನಾ ತಲಿ ಹಿಕ್ಕೊಳ್ಳಾಕತ್ತಿದ್ದೆ. ಹೊರಗಿಂದ ಒಂದ್ ಸಪ್ಪಳ ಬಂತು.

ಸೊರ್‌ರ್‌ರ್.

ಓಡಿ ಹೋಗಿ ನೋಡಿದ್ರ, ಅತ್ತಿ ಕಟ್ಟಿ ಮ್ಯಾಲ, ಓಣಿ ಕಡೆ ಮಾರಿ ಮಾಡಿ, ಕಣ್ಣ ಮುಚ್ಚಿ, ಬಸ್ಯಾಗಿನ ಚಾ ಎಳ್ಯಾಕತ್ತಾರ. ನಾಲ್ಕು ವರ್ಷದ ಮ್ಯಾಲ! ನಳಕ್ಕ ಬಂದವ್ರೆಲ್ಲ ಅಲ್ಲೇ ನಿಂತಾರ, ಕೊಡ ತುಂಬಿ ನೀರು ಹರ್ಯಾಕತ್ಯಾದ. ಎದುರ ಮನಿ ಖಾಲಾ, "ಯಾ ಅಲ್ಲಾ! ಚಾ ಕುಡ್ಯಾಕತ್ತಾಳ!" ಅಂತ ಒದರಿದ್ದ ತಡ, ಇಡೀ ಓಣಿ ನಮ್ಮ ಪಡಸಾಲ್ಯಾಗ ಇತ್ತು. ಒಬ್ಬಾಕಿ ಕುಂಕುಮ, ಒಬ್ಬಾಕಿ ಸಕ್ರಿ, ಖಾಲಾ ನನ್ನ ಗಲ್ಲ ಹಿಡದು ಅಳೂದು.

"ಅತ್ತೀ! ಯಾರಿಗೂ ಹೇಳಂಗಿಲ್ಲಂತ ಆಣಿ ಇಟ್ಟಿದ್ರಲ್ರಿ?"

ಅತ್ತಿ ಸಾವಕಾಶ ಇನ್ನೊಂದು ಬಸಿ ಸುರುವಿಕೊಂಡ್ರು.

"ನಾ ಎಲ್ಲಿ ಹೇಳೀನವ್ವ? ನನ್ನ ಬಾಯಿ ತುಂಬ ಚಾ ಇತ್ತು."